ಹತ್ತು ಪದಗಳ ಪರೀಕ್ಷೆ

ನನ್ನ ಬಾಯಿ ಸುಮ್ಮನಿರುವುದಿಲ್ಲ. ಎದುರಿಗೆ ಕೂತವರನ್ನು ಒಂದು ಮಾತು ಕೆಣಕದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಇಂಥವಳ ಕೈಗೆ ಒಂದು ಟ್ಯಾಬ್ ಕೊಟ್ಟು, ಅದರಲ್ಲಿರುವ ಪ್ರಶ್ನೆಯನ್ನು ಇದ್ದ ಹಾಗೆ ಓದಬೇಕು, ಒಂದಕ್ಷರ ಸೇರಿಸಬಾರದು ಎಂದು ಹೇಳಿ ಹಳ್ಳಿಗಳಿಗೆ ಕಳಿಸಿದರು. ತರಬೇತಿಯ ಮೂರು ದಿನವೂ ಅದೇ ಮಾತು. ನಾನು ತಲೆಯಾಡಿಸಿ ಬಂದೆ, ಬಂದ ಮೊದಲ ವಾರದಲ್ಲೇ ಸೇರಿಸಲು ಶುರು ಮಾಡಿದೆ.

ವಯಸ್ಸಾದವರು, ಅಂಗವಿಕಲರು ಹೇಗೆ ಬದುಕುತ್ತಿದ್ದಾರೆ ಎಂದು ಸರ್ಕಾರ ಮಾಡಿಸುವ ಅಧ್ಯಯನ ಅದು. ಅರವತ್ತು ದಾಟಿದವರ ಮನೆಗೆ ಹೋಗಿ ಕೇಳಬೇಕು. ಸ್ನಾನ ತಾವೇ ಮಾಡಿಕೊಳ್ಳುತ್ತೀರಾ, ಕೂತಲ್ಲಿಂದ ತಾವೇ ಏಳುತ್ತೀರಾ, ಊಟ ಯಾರು ಕೊಡುತ್ತಾರೆ, ಪಿಂಚಣಿ ಬರುತ್ತದೆಯೇ, ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ. ಎರಡು ವರ್ಷ ಬಿಟ್ಟು ಅದೇ ಮನೆಗೆ ಹೋಗಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಆ ಎರಡು ವರ್ಷದಲ್ಲಿ ಮನುಷ್ಯ ಎಷ್ಟು ಇಳಿದಿದ್ದಾನೆ ಎನ್ನುವುದು ಮೇಲಿನವರಿಗೆ ಬೇಕು. ಅದನ್ನು ನೋಡಿ ಮುಂದಿನ ಯೋಜನೆಗಳನ್ನು ಮಾಡುತ್ತಾರಂತೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದವು. ನಾನು ಗುತ್ತಿಗೆಯವಳು, ಐವತ್ತನಾಲ್ಕು ವರ್ಷದವಳು. ಹುಣಸೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕತೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ.

ಸಾಲಿಗ್ರಾಮದ ಕಡೆ ನಾಲೆ ನೀರಿನ ಊರುಗಳಲ್ಲಿ ಅಜ್ಜಂದಿರು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟು ಎದ್ದುಬಿಡುತ್ತಿದ್ದರು. ಮಂಡಿ ಬಗ್ಗದಿದ್ದರೂ ಗದ್ದೆಯ ಬದುವಿನ ಮೇಲೆ ಒಂದು ಸಲ ನಿಂತು ಬರದಿದ್ದರೆ ಅವರಿಗೆ ಸಮಾಧಾನವಿಲ್ಲ. ಕೇರಳದ ಗಡಿಗೆ ಹತ್ತಿರದ ಎನ್. ಬೇಗೂರಿನ ಕಡೆ ಒಬ್ಬಾತ ಅರ್ಧ ಮಲಯಾಳಂ ಬೆರೆಸಿ ಮಾತಾಡಿದ. ನಾನು ಮತ್ತೊಂದು ಸಲ ಹೇಳಿ ಎಂದರೆ, ನಿನಗೆ ಕಿವಿ ಕೇಳಿಸುವುದಿಲ್ಲವೇ ಎಂದು ಗದರಿದ. ನಾನು ಅವನಿಗೆ ಕೇಳಬೇಕಾಗಿದ್ದ ಮುಂದಿನ ಪ್ರಶ್ನೆಯೂ ಅದೇ.

ಎಲ್ಲ ಊರಲ್ಲೂ ಒಂದೇ ಉತ್ತರ ಬರುತ್ತಿದ್ದದ್ದು ಒಂದೇ ಪ್ರಶ್ನೆಗೆ. ಕಳೆದ ಏಳು ದಿನಗಳಲ್ಲಿ ತಮಗೆ ಒಂಟಿತನದ ಅನುಭವ ಎಷ್ಟು ಬಾರಿ ಉಂಟಾಗಿದೆ? ನಾನು ಅದನ್ನು ಓದುವಾಗ ಬಾಗಿಲಲ್ಲಿ ಸೊಸೆಯೋ ಮೊಮ್ಮಗಳೋ ನಿಂತಿರುತ್ತಿದ್ದರು. ಮುದುಕಿ ಆ ಕಡೆ ಒಂದು ಸಲ ನೋಡಿ, "ಮನೆ ತುಂಬ ಜನ ಅವ್ರೆ, ಒಂಟಿ ಯಾಕಾದೇನು ಬುಡವ್ವ," ಎನ್ನುತ್ತಿದ್ದಳು. ನಾನು 'ಎಂದೂ ಇಲ್ಲ' ಎಂದು ಒತ್ತುತ್ತಿದ್ದೆ. ಸಂಜೆ ಕೋಣೆಗೆ ಬಂದು ಬೀಗ ತೆಗೆಯುವಾಗ ಅನ್ನಿಸುತ್ತಿತ್ತು, ಬೆಳಗಿನಿಂದ ಬಾಯಿ ನೋಯುವಷ್ಟು ಮಾತಾಡಿದ್ದೇನೆ, ಅದರಲ್ಲಿ ನನ್ನ ಮಾತು ಒಂದೂ ಇಲ್ಲ. ಒಂದು ಭಾನುವಾರ ಬೇಜಾರಿಗೆ ನಾನೇ ಆ ಪ್ರಶ್ನೆಗಳಿಗೆ ಉತ್ತರ ತುಂಬಲು ಕೂತೆ. ವಯಸ್ಸು ಹಾಕಿದ ಕೂಡಲೇ ಟ್ಯಾಬ್ ನಿಂತಿತು. ಅರವತ್ತಾಗದವರು ಅರ್ಹರಲ್ಲ ಎಂದು ಬಂತು. ಒಂಟಿಯಾಗುವುದಕ್ಕೂ ಅರ್ಹತೆ ಬೇಕಲ್ಲ ಎಂದು ಗೋಡೆಗೆ ಹೇಳಿಕೊಂಡು ನಕ್ಕೆ. ಆಮೇಲೆ ನಗು ಬರಲಿಲ್ಲ, ಅಳು ಬಂತು.

ಈಗ ಆ ಇಬ್ಬರು ಓರಗಿತ್ತಿಯರ ಮಾತಿಗೆ ಬರುತ್ತೇನೆ. ಕಟ್ಟೆಮಳಲವಾಡಿಯಿಂದ ಆಚೆ ಒಂದು ಊರು, ಹೆಸರು ಬೇಡ. ಹೊಗೆಸೊಪ್ಪು ಬೇಯಿಸುವ ಕಾಲ. ಊರಿಗೆ ಊರೇ ಸೊಪ್ಪು ಒಣಗಿಸುವ ಬ್ಯಾರನ್ನುಗಳ ಹೊಗೆ, ಎಲೆಯ ಘಾಟು. ಉದ್ದನೆಯ ಹೆಂಚಿನ ಮನೆ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎಬ್ಬಿಸಿ ಒಂದನ್ನು ಎರಡು ಮಾಡಿದ್ದರು. ಜಗಲಿಯ ಮೇಲೆ ಆ ಗೋಡೆ ಸೊಂಟದ ಮಟ್ಟಕ್ಕೆ ನಿಂತಿತ್ತು. ಅಣ್ಣನೂ ಹೋಗಿದ್ದ, ತಮ್ಮನೂ ಹೋಗಿದ್ದ. ಈ ಕಡೆ ಅಣ್ಣನ ಹೆಂಡತಿ, ಎಪ್ಪತ್ತೈದರ ಆಸುಪಾಸು, ಮಕ್ಕಳಿಲ್ಲ. ಆ ಕಡೆ ತಮ್ಮನ ಹೆಂಡತಿ, ಇನ್ನೂ ಅರವತ್ತಾಗಿರಲಿಲ್ಲ. ಒಬ್ಬಳೇ ಮಗಳನ್ನು ಕೊಟ್ಟು ಕಳಿಸಿಯಾಗಿತ್ತು. ಇಬ್ಬರ ನಡುವೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ.

ನನ್ನ ಪಟ್ಟಿಯಲ್ಲಿದ್ದವಳು ಹಿರಿಯಳು. ಗೋಡೆಯ ಆಚೆ ಕಿರಿಯಳು ಕೂತು ಯಾರದೋ ಬ್ಯಾರನ್ನಿಗೆ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಕಣ್ಣು ಸೊಪ್ಪಿನ ಮೇಲೆ, ಕಿವಿ ನಮ್ಮ ಮೇಲೆ. ನೆನಪಿನ ಪ್ರಶ್ನೆ ಬಂತು. ಟ್ಯಾಬ್ ಕೊಡುವ ಹತ್ತು ಪದಗಳನ್ನು ನಾನು ನಿಧಾನವಾಗಿ ಓದಬೇಕು, ಮುಗಿದ ಮೇಲೆ ಅವರು ನೆನಪಿದ್ದಷ್ಟನ್ನು ಹೇಳಬೇಕು. ಹಿರಿಯಳಿಗೆ ಕಿವಿ ಮಂದ. ನಾನು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ಬಾಗಿಲು, ಎಮ್ಮೆ, ಮಳೆ, ಚಾಪೆ, ರಾಗಿ, ಕನ್ನಡಿ, ಹೊಳೆ, ಬೆಂಕಿ, ಕೊಡೆ, ಉಪ್ಪು. ಅವಳು ಹಣೆ ತಟ್ಟಿಕೊಂಡು ನಾಲ್ಕು ಹೇಳಿದಳು.

"ನಾಲ್ಕೇನಾ ಅವ್ವ? ಮುಂದಿನ ಸಲ ಬಂದಾಗ ಹತ್ತೂ ಒಪ್ಪಿಸ್ಬೇಕು ನೋಡಿ. ಇಲ್ಲಾಂದ್ರೆ ಪಿಂಚಣಿ ನಿಲ್ಲಿಸಿಬಿಡ್ತೀನಿ," ಎಂದೆ.

ಎಲ್ಲ ಕಡೆಯೂ ಇಂಥ ಏನಾದರೊಂದು ಹೇಳುತ್ತಿದ್ದೆ. ಅವಳು ಬೊಚ್ಚು ಬಾಯಿ ಬಿಟ್ಟು ನಕ್ಕಳು, ನಾನೂ ನಕ್ಕೆ. ಗೋಡೆಯಾಚೆ ನಕ್ಕರೋ ಇಲ್ಲವೋ ನಾನು ನೋಡಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಕೊರಳಲ್ಲಿ ಸರ್ಕಾರದ ಗುರುತಿನ ಚೀಟಿ ತೂಗಿಸಿಕೊಂಡವಳು ಪಿಂಚಣಿ ನಿಲ್ಲಿಸುತ್ತೇನೆ ಎಂದರೆ ಅದು ತಮಾಷೆಯಾಗಿ ಉಳಿಯುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಯಾವುದೋ ಕಾಗದ ಸರಿಯಿಲ್ಲವೆಂದು ಪಿಂಚಣಿ ನಿಂತುಹೋದವರು ಪ್ರತಿ ಊರಲ್ಲೂ ಇರುತ್ತಾರೆ. ಅಂಥವರ ನಡುವೆ ನಾನು ಆ ಮಾತು ಎಸೆದು ಬಂದಿದ್ದೆ.

ಎರಡು ವರ್ಷ ಕಳೆದು ಮತ್ತೆ ಸೊಪ್ಪಿನ ಕಾಲದಲ್ಲೇ ಹೋದೆ. ಹಿರಿಯಳ ಬಾಗಿಲು ಹಾಕಿತ್ತು. ನನ್ನನ್ನು ಕಂಡ ಕೂಡಲೇ ಕಿರಿಯಳು ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದು ಬಂದಳು.

"ಬಂದ್ರಾ ಮೇಡಂ? ಎರಡ್ ವರ್ಸದಿಂದ ದಾರಿ ನೋಡ್ತಾ ಇವ್ನಿ. ಹತ್ತೂ ಬತ್ತವೆ ಅಕ್ಕಂಗೆ. ನೀವೇ ಕೇಳಿ ನೋಡಿ."

ಅಕ್ಕ ಎಂದಳಲ್ಲ, ಇವರಿಗೆ ಯಾವಾಗ ಮಾತು ಶುರುವಾಯಿತು ಎಂದುಕೊಂಡೆ. ಯಾವ ಹತ್ತು ಎನ್ನುವುದು ನನಗೆ ಆಗಲೂ ತಿಳಿಯಲಿಲ್ಲ. ಆಗ ಅವಳ ಕೊರಳಲ್ಲಿ ಒಂದು ದಾರ ಕಂಡಿತು. ದಾರಕ್ಕೆ ಅವಳದೇ ಓಟಿನ ಕಾರ್ಡು ಕಟ್ಟಿತ್ತು. ಹಳ್ಳಿಯಲ್ಲಿ ಮನೆಯ ಮುಂದೆ ಯಾರು ಓಟಿನ ಕಾರ್ಡು ಹಾಕಿಕೊಂಡು ಕೂರುತ್ತಾರೆ? ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಅವಳು ಬಾಗಿಲು ತಟ್ಟಿ ಪಕ್ಕಕ್ಕೆ ಸರಿದಳು.

ಹಿರಿಯಳು ಬಾಗಿಲನ್ನು ಒಂದು ಗೇಣು ತೆರೆದಳು. ನನ್ನ ಮುಖ ನೋಡಲಿಲ್ಲ, ಕೊರಳಿನ ಚೀಟಿ ನೋಡಿದಳು. "ಸರ್ಕಾರದೋರಾ? ಬನ್ನಿ," ಎಂದು ಪೂರ್ತಿ ತೆಗೆದಳು. ಬಹಳ ಇಳಿದುಹೋಗಿದ್ದಳು. ಆದರೆ ತಲೆ ಬಾಚಿತ್ತು, ಸೀರೆ ಒಗೆದದ್ದಿತ್ತು, ಒಲೆಯ ಬಳಿ ಕಸವಿರಲಿಲ್ಲ.

ಇವತ್ತು ಯಾವ ವಾರ ಎಂದು ಕೇಳಿದೆ. ಸೂರನ್ನು ನೋಡಿದಳು. ಇದು ಯಾವ ಊರು ಎಂದೆ. ಸುಮ್ಮನೆ ನಕ್ಕಳು. ಊಟ ಯಾರು ಕೊಡುತ್ತಾರೆ ಎಂದಾಗ ಮಾತ್ರ ತಡಮಾಡಲಿಲ್ಲ.

"ಸರ್ಕಾರದೋರು ಕೊಡ್ತಾರೆ. ಆವಮ್ಮ ದಿನಾ ತತ್ತಾರೆ," ಎಂದು ಹೊಸ್ತಿಲ ಕಡೆ ಗಲ್ಲ ತೋರಿದಳು. ಹೊಸ್ತಿಲಾಚೆ ಕಿರಿಯಳು ನಿಂತಿದ್ದಳು. ತಲೆ ತಗ್ಗಿಸಿದಳು.

ನೆನಪಿನ ಪ್ರಶ್ನೆ ಬಂತು. ಈ ಸಲ ಟ್ಯಾಬ್ ಬೇರೆ ಹತ್ತು ಪದ ಕೊಟ್ಟಿತ್ತು. ಕತ್ತರಿ, ಹಾಲು, ಮರ ಎಂದು ಶುರುವಾಗುವ ಪಟ್ಟಿ. ನಾನು ಕೂಗಿ ಓದಿ ಮುಗಿಸಿದೆ. ಹಿರಿಯಳು ನೆಟ್ಟಗೆ ಕೂತಳು, ಕೈ ಕಟ್ಟಿಕೊಂಡಳು, ಮಗ್ಗಿ ಒಪ್ಪಿಸುವವರ ಹಾಗೆ ರಾಗವಾಗಿ ಹೇಳಿದಳು.

"ಬಾಗ್ಲು, ಎಮ್ಮೆ, ಮಳೆ, ಚಾಪೆ, ರಾಗಿ, ಕನ್ನಡಿ, ಹೊಳೆ, ಬೆಂಕಿ, ಕೊಡೆ, ಉಪ್ಪು."

ಒಂದೂ ತಪ್ಪಿರಲಿಲ್ಲ. ಆಗ ನನಗೆ ನೆನಪಾಯಿತು. ಎರಡು ವರ್ಷದ ಹಿಂದೆ ಈ ಜಗಲಿಯ ಮೇಲೆ ನಾನು ಏನು ಹೇಳಿದ್ದೆ, ಹೇಗೆ ನಕ್ಕಿದ್ದೆ ಎಲ್ಲ ನೆನಪಾಯಿತು. ಹೊಸ್ತಿಲಲ್ಲಿ ಕಿರಿಯಳ ಮುಖ ಅರಳಿತ್ತು. ನಾನು ಟ್ಯಾಬಿನಲ್ಲಿ ಒತ್ತಬೇಕಾದದ್ದು ಸೊನ್ನೆ.

"ಒಪ್ಪಿಸ್ದೆ ಕಣವ್ವ. ಮುಗೀತಲ್ಲ ಪರೀಕ್ಸೆ?" ಎಂದು ಹಿರಿಯಳು ಕೇಳಿದಳು. ಚೆನ್ನಾಗಿ ಹೇಳಿದ್ರಿ ಅವ್ವ, ಮುಗೀತು ಎಂದೆ. ನಾನು ಹೊರಗೆ ಬಂದ ಕೂಡಲೇ ಅವಳು ಬಾಗಿಲು ಹಾಕಿ ಅಗಳಿ ಎಳೆದುಕೊಂಡಳು.

ಕಿರಿಯಳ ಕಡೆಯ ಜಗಲಿಗೆ ಹೋಗಿ ಕೂತೆವು. ಅವಳು ಕೇಳಿದಳು. "ಇನ್ನೇನೂ ಭಯ ಇಲ್ವಲ್ಲ ಮೇಡಂ? ಪಿಂಚಣಿ ನಿಲ್ಲಾಕಿಲ್ಲ ತಾನೆ?"

ಸುಳ್ಳು ಹೇಳಿ ಎದ್ದು ಹೋಗಬಹುದಿತ್ತು. ಅವಳ ಗೋಡೆ ನೋಡಿದ ಮೇಲೆ ಆಗಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹತ್ತೂ ಪದ ಬರೆದಿದ್ದಳು. ಅಳಿಸಿಹೋದಾಗಲೆಲ್ಲ ಮತ್ತೆ ತಿದ್ದಿ ತಿದ್ದಿ ಅಕ್ಷರಗಳು ದಪ್ಪವಾಗಿದ್ದವು. ನಾಲ್ಕನೇ ಕ್ಲಾಸಿನವರೆಗೆ ಓದಿದವಳಂತೆ. ನಾನು ಅವತ್ತು ಹೋದ ಬೆನ್ನಿಗೇ ಬರೆದಿಟ್ಟುಕೊಂಡಿದ್ದಳು.

ಎಲ್ಲ ಹೇಳಿದೆ. ಅವತ್ತು ನಾನು ಆಡಿದ್ದು ತಮಾಷೆ, ಪಿಂಚಣಿಗೂ ಈ ಪದಗಳಿಗೂ ಸಂಬಂಧವಿಲ್ಲ, ನಿಲ್ಲಿಸುವುದೂ ನನ್ನ ಕೈಯಲ್ಲಿಲ್ಲ ಕೊಡಿಸುವುದೂ ಇಲ್ಲ, ನಾವು ಬರೆದುಕೊಂಡು ಹೋಗುವವರು ಮಾತ್ರ, ತಪ್ಪಾಯಿತು ಎಂದೆ. ಪಟ್ಟಿ ಬೇರೆಯಾಗಿತ್ತು ಎಂಬುದನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು.

"ಅಂಗಾರೆ ಯಾತಕ್ಕವ್ವ ಕೇಳೀರಿ?" ಎಂದಳು.

ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಹೇಳಿದೆ. ಎಲ್ಲರ ಉತ್ತರ ಸೇರಿಸಿ ನೋಡುತ್ತಾರೆ, ಮುಂದೆ ಏನಾದರೂ ಮಾಡುತ್ತಾರೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ನನಗೆ ನನ್ನ ಮಾತಿನ ಮೇಲೇ ಅಸಹ್ಯವಾಯಿತು.

ಆಮೇಲೆ ಅವಳು ಹೇಳಿದಳು. ಪಿಂಚಣಿ ನಿಲ್ಲುತ್ತದೆ ಎಂದು ಕೇಳಿಸಿಕೊಂಡ ದಿನ ಅವಳಿಗೆ ಊಟ ಸೇರಲಿಲ್ಲವಂತೆ. "ಮಾತಿಲ್ದಿದ್ರೆ ಏನಾಯ್ತು? ಗೋಡೆಯಾಚೆ ಒಬ್ಳು ಉಪಾಸ ಬಿದ್ರೆ ಈಚೆ ನಂಗೆ ಮುದ್ದೆ ಇಳೀತದಾ?" ಎಂದಳು. ಮಾರನೆಯ ದಿನ ಗೋಡೆಯ ಬಳಿ ನಿಂತು ಮೊದಲ ಪದವನ್ನು ಕೂಗಿದಳು. ಆಚೆಯಿಂದ ಉತ್ತರ ಬರಲಿಲ್ಲ. ಮೂರನೆಯ ದಿನ ಬಂತು. ಒಂದು ತಿಂಗಳಲ್ಲಿ ಇಬ್ಬರೂ ಒಂದೇ ಕಡೆ ಕೂತು ಒಪ್ಪಿಸತೊಡಗಿದರು. ಎಮ್ಮೆ ಎಂದರೆ ಸಾಕು, ಇಬ್ಬರೂ ಸೊಸೆಯರಾಗಿ ಒಂದೇ ಮನೆಯಲ್ಲಿದ್ದಾಗ ಅತ್ತೆಯ ಕೈಗೆ ಮಾತ್ರ ಹಾಲು ಕೊಡುತ್ತಿದ್ದ ಒಂದು ಎಮ್ಮೆಯ ಕತೆ ಏಳುತ್ತಿತ್ತು. ಅದನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹನ್ನೊಂದು ವರ್ಷದ ಮಾತನ್ನೆಲ್ಲ ಆಡಿಕೊಂಡರು. "ಅಷ್ಟು ಸಂತೋಸ ನಂಗೆ ಮದ್ವೇಲೂ ಆಗಿರ್ನಿಲ್ಲ ಕಣ್ರೀ," ಎಂದಳು.

ವರ್ಷ ತುಂಬುವ ಹೊತ್ತಿಗೆ ಹಿರಿಯಳು ಮರೆಯತೊಡಗಿದಳು. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ಊರವರನ್ನು. ಹುಣಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದಕ್ಕೆ ವಯಸ್ಸಿನ ಮರೆವು ಎಂದು ಮಾತ್ರೆ ಬರೆದುಕೊಟ್ಟರಂತೆ. ಒಂದು ಬೆಳಿಗ್ಗೆ ಕಿರಿಯಳನ್ನೇ ನೋಡಿ, ನೀವ್ ಯಾರು, ನಮ್ಮನೇಲಿ ಏನ್ ಕೆಲ್ಸ ಎಂದು ಬಾಗಿಲು ಹಾಕಿಕೊಂಡಳು. ಎರಡು ದಿನ ತೆಗೆಯಲಿಲ್ಲ, ಏನೂ ತಿನ್ನಲಿಲ್ಲ. ಊರವರು ಕೂಗಿದರೆ ಕಳ್ಳರು ಎಂದು ಕಿರುಚಿದಳು. ಮೂರನೆಯ ದಿನ ಕಿರಿಯಳಿಗೆ ಅದೇನು ತೋಚಿತೋ, ಓಟಿನ ಕಾರ್ಡಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಬಾಗಿಲು ತಟ್ಟಿದಳು. ಸರ್ಕಾರದಿಂದ ಬಂದಿದ್ದೇನೆ, ಹತ್ತು ಪದ ಒಪ್ಪಿಸಬೇಕು ಎಂದಳು. ಬಾಗಿಲು ತೆರೆಯಿತು. ಹಿರಿಯಳು ಹತ್ತೂ ಒಪ್ಪಿಸಿದಳು. ಒಪ್ಪಿಸಿದವರಿಗೆ ಸರ್ಕಾರ ಮುದ್ದೆ ಕೊಡುತ್ತದೆ ಎಂದು ಇವಳು ತಟ್ಟೆ ಮುಂದಿಟ್ಟಳು. ತಿಂದಳು.

ಅಲ್ಲಿಂದ ದಿನವೂ ಅದೇ. ಒಪ್ಪಿಸಿದ ಮೇಲೆ ಸರ್ಕಾರ ತಲೆ ಬಾಚುತ್ತದೆ, ಸರ್ಕಾರ ಸೀರೆ ಒಗೆಯುತ್ತದೆ. ಓರಗಿತ್ತಿ ಎಂದು ಹೋದರೆ ಬಾಗಿಲು ತೆರೆಯುವುದಿಲ್ಲ.

ನಾನು ಟ್ಯಾಬ್ ತೆರೆದೆ. ಊಟ ಯಾರು ಕೊಡುತ್ತಾರೆ ಎಂಬಲ್ಲಿ ಹಿರಿಯಳ ಉತ್ತರವನ್ನು ಅವಳು ಹೇಳಿದ ಹಾಗೇ ಒತ್ತಿದ್ದೆ. ಸರ್ಕಾರಿ ಸಿಬ್ಬಂದಿ ಎಂದು ಬಂದಿತ್ತು. "ಇದನ್ನ ತಿದ್ದಿ ಸಂಬಂಧಿಕರು ಅಂತ ಹಾಕ್ತೀನಿ. ಇಷ್ಟು ಮಾಡಿದೋರು ನೀವು," ಎಂದೆ.

"ಬ್ಯಾಡ ಬುಡಿ. ಅವ್ಳಿಗೇ ಗೊತ್ತಿಲ್ದಿದ್ ಮ್ಯಾಕೆ ನೀವ್ ಬರ್ದು ಏನು?" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ನಾನು ತಿದ್ದಲಿಲ್ಲ. ಆ ಊರಿನಲ್ಲಿ ಒಬ್ಬ ಮುದುಕಿಯ ಮನೆಗೆ ದಿನವೂ ಸರ್ಕಾರದವರು ಬಂದು ಉಣ್ಣಿಸಿ ಹೋಗುತ್ತಾರೆ ಎಂದೇ ಅಧ್ಯಯನದಲ್ಲಿ ಉಳಿದಿದೆ. ಓದಿದವರು ಮೆಚ್ಚಿಕೊಂಡಿರಬಹುದು.

ಮಧ್ಯಾಹ್ನವಾಗಿತ್ತು. ಕಿರಿಯಳು ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಇಟ್ಟುಕೊಂಡು, ಕಾರ್ಡನ್ನು ಎದೆಯ ಮೇಲೆ ಸರಿಮಾಡಿಕೊಂಡು ಹೋಗಿ ಬಾಗಿಲು ತಟ್ಟಿದಳು. ನಾನು ಬಸ್ಸಿಗೆ ಹೊರಡಲು ಚೀಲ ಹೆಗಲಿಗೆ ಹಾಕಿಕೊಂಡೆ.

"ಯಾರು?"

"ಸರ್ಕಾರದಿಂದ ಕಣವ್ವ. ಹತ್ತು ಪದ ಒಪ್ಪಿಸ್ಬೇಕು."

"ಮುಗೀತಲ್ಲ! ದೊಡ್ಡ ಮೇಡಮ್ಮಾರು ಬಂದು ಕೇಳ್ಕಂಡು ಮುಗೀತು ಅಂದ್ರು. ಇನ್ ಬರ್ಬ್ಯಾಡಿ, ಓಗಿ," ಎಂದು ಒಳಗಿನಿಂದ ಮಾತು ಬಂತು.

ಕಿರಿಯಳು ಮತ್ತೆ ತಟ್ಟಿದಳು. ಹಿರಿಯಳು ಮತ್ತೆ ಓಗಿ ಎಂದಳು, ಈ ಸಲ ಸಿಟ್ಟಿತ್ತು. ಕಿರಿಯಳು ನನ್ನ ಕಡೆ ತಿರುಗಿದಳು. "ನಾನೇ ಯೋಳಿದ್ದೆ ಕಣ್ರೀ. ದೊಡ್ಡ ಮೇಡಂ ಬಂದು ಕೇಳಿದ್ರೆ ಮುಗೀತದೆ, ಅಲ್ಲೀಗಂಟ ಒಪ್ಪಿಸು ಅಂತ. ನಾನೇ ಯೋಳಿದ್ದೆ. ಈಗ ಏನ್ ಮಾಡ್ಲಿ?"

ಮುಗೀತು ಎಂದವಳು ನಾನು. ಚೀಲ ಕೆಳಗಿಟ್ಟೆ. ಪದಗಳ ಪಟ್ಟಿಯನ್ನು ಯಾರಿಗೂ ಕೊಡಬಾರದು ಎಂದು ತರಬೇತಿಯಲ್ಲಿ ಸಹಿ ಹಾಕಿಸಿಕೊಂಡಿದ್ದರು. ಸೀಮೆಸುಣ್ಣ ಎಲ್ಲಿದೆ ಎಂದು ಕೇಳಿದೆ. ಅವಳು ತಟ್ಟೆ ಇಳಿಸಿ ತಂದುಕೊಟ್ಟಳು. ಹೊಸ ಹತ್ತನ್ನೂ ನಾನೇ ಅವಳ ಗೋಡೆಯ ಮೇಲೆ ಬರೆದೆ. ಆಮೇಲೆ ಹಿರಿಯಳ ಬಾಗಿಲಿಗೆ ಹೋಗಿ ಬಲವಾಗಿ ತಟ್ಟಿದೆ. ಬಾಗಿಲು ಒಂದು ಗೇಣು ತೆರೆಯಿತು. ಕೊರಳಿನ ಚೀಟಿಯನ್ನು ಅವಳ ಕಣ್ಣಿನ ಮುಂದೆ ಹಿಡಿದೆ.

"ಅವ್ವ, ನಾನು ತಪ್ಪು ಹೇಳಿದೆ. ಮುಗಿದಿಲ್ಲ. ಅದು ಮೊದಲನೇ ಪರೀಕ್ಷೆ, ನೀವು ಪಾಸು. ಈಗ ಹೊಸ ಹತ್ತು ಬಂದಿವೆ. ಈ ಮೇಡಂ ದಿನಾ ಬಂದು ಹೇಳಿಕೊಡ್ತಾರೆ. ಇವರು ಬಂದರೆ ಬಾಗಿಲು ತೆಗೀಬೇಕು. ಸರ್ಕಾರದ ಆರ್ಡರು."

"ಎಷ್ಟು ದಿನ?" ಎಂದಳು.

"ಅದು ಮುಗಿಯೋದಿಲ್ಲ ಅವ್ವ. ಮುಗೀತು ಅಂತ ಯಾರು ಬಂದು ಹೇಳಿದ್ರೂ ನಂಬಬೇಡಿ. ನಾನು ಬಂದು ಹೇಳಿದ್ರೂ ನಂಬಬೇಡಿ."

ಅವಳು ನನ್ನ ಚೀಟಿ ನೋಡಿದಳು, ಕಿರಿಯಳ ಕಾರ್ಡು ನೋಡಿದಳು. ಪಕ್ಕಕ್ಕೆ ಸರಿದು ಕಿರಿಯಳಿಗೆ ದಾರಿ ಬಿಟ್ಟಳು. "ನೀವು ಬರಾಕಿಲ್ವಾ?" ಎಂದು ನನ್ನನ್ನು ಕೇಳಿದಳು. ನನಗೆ ಬೇರೆ ಊರಿದೆ ಎಂದೆ. ಅಂಗಾರೆ ಓಗಿ ಎಂದು ಬಾಗಿಲು ಹಾಕಿಕೊಂಡಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಜಗಲಿಯ ಮೇಲೆ ಕೂತೆ. ಒಳಗೆ ಕಿರಿಯಳು ಕತ್ತರಿ ಎಂದಳು, ಹಿರಿಯಳು ಕತ್ರಿ ಎಂದಳು. ಹಾಲು ಎಂದಳು, ಆಲು ಎಂದಳು. ಮೂರನೆಯದಕ್ಕೆ ತಡವರಿಸಿದಳು. ಕಿರಿಯಳು ಇನ್ನೊಂದು ಸಲ ಹೇಳಿಕೊಟ್ಟಳು, ಆಮೇಲೂ ಇನ್ನೊಂದು ಸಲ. ನಡುವೆ ಒಂದು ತುತ್ತು ನುಂಗು ಎಂದಳು. ನಾನು ಎರಡು ವರ್ಷದ ಹಿಂದೆ ಆಡಿದ ಒಂದು ಕೆಟ್ಟ ಮಾತು ಅಲ್ಲಿ ಮುದ್ದೆಯ ಜೊತೆಗೆ ಬೆರೆತು ಕೂತಿತ್ತು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ತನ್ನ ಹೆಸರನ್ನೂ ಸಂಬಂಧವನ್ನೂ ಬಿಟ್ಟುಕೊಟ್ಟಾದರೂ ಸರಿ, ಒಳಗೆ ಬಂದು ಕೂರುತ್ತೇನೆ ಎನ್ನುವ ಒಂದು ಜೀವ ಆ ಮುದುಕಿಗಿತ್ತು. ನಾನು ಎಲ್ಲವನ್ನೂ ಮರೆಯುವ ದಿನ ನನ್ನ ಬಾಗಿಲಿಗೆ ಯಾರು ಯಾವ ಕಾರ್ಡು ಹಾಕಿಕೊಂಡು ಬರುತ್ತಾರೆ ಎಂದು ಯೋಚಿಸಿದೆ. ಒಂದು ಹೆಸರೂ ಹೊಳೆಯಲಿಲ್ಲ. ತಾನು ಯಾವ ಊರಿನಲ್ಲಿದ್ದೇನೆ ಎಂದೇ ತಿಳಿಯದ ಆ ಮುದುಕಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.